ಕರಾವಳಿಯ ಹಿತ್ತಿಲಿನಲ್ಲಿ ಪೆಪ್ಪರ್‌ಮಿಂಟ್: ಜೂನ್‌ನಲ್ಲಿ ನೆಟ್ಟದ್ದು ಆಗಸ್ಟ್‌ನಲ್ಲಿ ಯಾಕೆ ಕೊಳೆಯುತ್ತದೆ?

ಪೆಪ್ಪರ್‌ಮಿಂಟ್ ಅಂದರೆ ಅಂಗಡಿ ಡಬ್ಬಿಯ ಬಿಳಿ ಬಿಲ್ಲೆ ಅಂತಷ್ಟೇ ಗೊತ್ತಿದ್ದವರೂ ಈಗ ಅದರ ಗಿಡ ಹುಡುಕುತ್ತಿದ್ದಾರೆ. ನರ್ಸರಿಯಲ್ಲಿ ಆ ಹೆಸರಿನ ಚೀಟಿ ಅಂಟಿಸಿದ ಸಣ್ಣ ಕುಂಡ ಸಿಗುತ್ತದೆ. ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣವೂ ಸಿಗುತ್ತದೆ. ಪೆಪ್ಪರ್‌ಮಿಂಟ್ ಟೀ ಬ್ಯಾಗಿನ ಬೆಲೆ ನೋಡಿದ ಮೇಲೆ ‘ಮನೆಯಲ್ಲೇ ಬೆಳೆದರಾಯ್ತಲ್ಲ’ ಅನಿಸುವುದು ಸಹಜ. ಆದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ ಒಂದೇ ದೂರು ಕೇಳಿಬರುತ್ತದೆ. ಮಳೆ ಹಿಡಿದಾಗ ನೆಟ್ಟ ಗಿಡ ಜುಲೈನಲ್ಲಿ ಸೊರಗಿತು, ಆಗಸ್ಟ್‌ಗೆ ಬುಡ ಕಪ್ಪಾಗಿ ಹೋಯಿತು. ಈ ಗಿಡ ಎಲ್ಲಿಯದು, ಏನು ಕೇಳುತ್ತದೆ ಅಂತ ತಿಳಿದರೆ ಹೀಗಾಗುವ ಕಾರಣವೂ ಗೊತ್ತಾಗುತ್ತದೆ, ದಾರಿಯೂ ಕಾಣುತ್ತದೆ.

ಇದು ನಮ್ಮ ಪುದೀನವೇ ಅಲ್ವಾ?

ಅಲ್ಲ, ಆದರೆ ಅದೇ ಕುಟುಂಬದ್ದು. ತುಳಸಿ, ದೊಡ್ಡಪತ್ರೆ, ಪುದೀನ, ಪೆಪ್ಪರ್‌ಮಿಂಟ್ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಇವುಗಳ ಎಳೆ ಕಾಂಡವನ್ನು ಬೆರಳಲ್ಲಿ ಉರುಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ.

ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್ ಎಂಬ ಜಾತಿ. ಅದರ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ವಾಸನೆ ಸಿಹಿ, ಬಾಯಿಗೆ ಅಷ್ಟೇನೂ ಚಳಿ ಹತ್ತುವುದಿಲ್ಲ. ಪೆಪ್ಪರ್‌ಮಿಂಟ್‌ನಲ್ಲಿ ಯಜಮಾನಿಕೆ ಬಾಯಿಗೆ ಚಳಿ ಹತ್ತಿಸುವ ವಸ್ತುವಾದ ಮೆಂಥಾಲ್‌ನದ್ದು. ಅದರ ಎಣ್ಣೆಯಲ್ಲಿ ಸುಮಾರು ಶೇ. 30ರಿಂದ 55ರಷ್ಟು ಮೆಂಥಾಲೇ ಇರುತ್ತದೆ.

ಇವೆರಡರ ನಡುವೆ ಗೊಂದಲ ಮಾಡುವ ಮೂರನೆಯದು ಒಂದಿದೆ: ಜಪಾನಿ ಪುದೀನ ಅಥವಾ ಮೆಂಥಾಲ್ ಮಿಂಟ್. ಉತ್ತರ ಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಟಲೆ ಬೆಳೆಯುವುದು ಇದನ್ನು. ಇದರ ಎಣ್ಣೆಯಲ್ಲಿ ಮೆಂಥಾಲ್ ಶೇ. 70 ದಾಟುತ್ತದೆ. ನೋವಿನ ಮುಲಾಮು, ಕೆಮ್ಮಿನ ಬಿಲ್ಲೆ, ಬೀಡಾಕ್ಕೆ ಹಾಕುವ ಮೆಂಥಾಲ್ ಹರಳು ಹೆಚ್ಚಾಗಿ ಬರುವುದು ಇದರಿಂದಲೇ. ಪೆಪ್ಪರ್‌ಮಿಂಟ್ ಹೆಸರಿನಲ್ಲಿ ಕೈಗೆ ಬರುವ ಗಿಡ ಈ ಮೂರರಲ್ಲಿ ಯಾವುದೂ ಆಗಿರಬಹುದು.

ಗುರುತಿಸಲು ಚೀಟಿ ಬೇಡ, ಕಣ್ಣು ಮೂಗು ಸಾಕು. ಪೆಪ್ಪರ್‌ಮಿಂಟ್ ಎಲೆ ಕಡು ಹಸಿರು, ಅದಕ್ಕೆ ಸ್ಪಷ್ಟವಾದ ಸಣ್ಣ ತೊಟ್ಟು ಇರುತ್ತದೆ. ಕಾಂಡಕ್ಕೆ ಬಹಳ ಸಲ ನೇರಳೆ ಛಾಯೆ ಇರುತ್ತದೆ. ಸ್ಪಿಯರ್‌ಮಿಂಟ್ ಎಲೆ ತಿಳಿ ಹಸಿರು, ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು, ಎಲೆ ಕಾಂಡಕ್ಕೇ ಅಂಟಿದಂತೆ ಕಾಣುತ್ತದೆ. ಹೂ ಬಂದರೆ ಕೆಲಸ ಇನ್ನೂ ಸುಲಭ. ಜಪಾನಿ ಪುದೀನದಲ್ಲಿ ಹೂ ಎಲೆಗಳ ಕಂಕುಳಲ್ಲಿ ಗುಂಪಾಗಿ ಬರುತ್ತದೆ, ಉಳಿದೆರಡರಲ್ಲಿ ಕಾಂಡದ ತುದಿಯಲ್ಲಿ ತೆನೆಯಂತೆ. ಇಷ್ಟೆಲ್ಲ ಯಾಕೆ ಅನಿಸಿದರೆ ಒಂದು ಎಲೆ ಅಗಿದು ಬಾಯಿಂದ ಉಸಿರೆಳೆದುಕೊಳ್ಳಿ. ಗಂಟಲು ತಣ್ಣಗಾದರೆ ಅದು ಸ್ಪಿಯರ್‌ಮಿಂಟ್ ಅಲ್ಲ.

ಬೀಜದ ಪೊಟ್ಟಣಕ್ಕೆ ದುಡ್ಡು ಹಾಕಬೇಡಿ

ಪೆಪ್ಪರ್‌ಮಿಂಟ್ ಒಂದು ಮಿಶ್ರತಳಿ. ಸ್ಪಿಯರ್‌ಮಿಂಟ್ ಮತ್ತು ಯುರೋಪಿನ ಹಳ್ಳಗಳ ಅಂಚಿನಲ್ಲಿ ಬೆಳೆಯುವ ನೀರುಪುದೀನ ಕೂಡಿ ಹುಟ್ಟಿದ್ದು. 1696ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ ಇದನ್ನು ದಾಖಲಿಸಿದರು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಮೆಂಥಾ ಪೈಪರಿಟಾ ಎಂಬ ಹೆಸರು ಕೊಟ್ಟರು. ಮುಂದೆ ಲಂಡನ್ ಪಕ್ಕದ ಮಿಚಮ್ ಎಂಬ ಊರು ಇದರ ಬೆಳೆಗೇ ಹೆಸರುವಾಸಿಯಾಯಿತು. ಇವತ್ತಿಗೂ ‘ಬ್ಲ್ಯಾಕ್ ಮಿಚಮ್’ ಎಂಬ ತಳಿ ಚಾಲ್ತಿಯಲ್ಲಿದೆ.

ಎರಡು ಬೇರೆ ಜಾತಿ ಕೂಡಿ ಹುಟ್ಟಿದ್ದರಿಂದ ಇದರ ಹೂವಿನಲ್ಲಿ ಮೊಳೆಯುವ ಬೀಜ ಕಟ್ಟುವುದಿಲ್ಲ. ಅಪರೂಪಕ್ಕೆ ಒಂದೆರಡು ಕಟ್ಟಿದರೂ ಅದರಿಂದ ಬರುವ ಗಿಡ ತಾಯಿಯಂತೆ ಇರುವುದಿಲ್ಲ. ಹಾಗಾಗಿ ‘ಪೆಪ್ಪರ್‌ಮಿಂಟ್ ಬೀಜ’ ಎಂದು ಮಾರುವುದರಲ್ಲಿ ಬೇರೆ ಯಾವುದೋ ಪುದೀನದ ಬೀಜ ಇರುತ್ತದೆ ಅಂತಲೇ ತಿಳಿಯಬೇಕು. ಜಗತ್ತಿನ ಎಲ್ಲ ಪೆಪ್ಪರ್‌ಮಿಂಟೂ ಒಂದು ಗಿಡದ ಕಡ್ಡಿಯಿಂದ ಇನ್ನೊಂದು ಗಿಡ, ಹೀಗೇ ಮುಂದುವರಿದು ಬಂದದ್ದು. ಅದರಲ್ಲಿ ನಮಗೇ ಲಾಭ. ಒಳ್ಳೆ ಗಿಡ ಇದ್ದವರ ಮನೆಯಿಂದ ಒಂದು ಗೇಣು ಕಡ್ಡಿ ತಂದರೆ ಖರ್ಚಿಲ್ಲದೆ ಅದೇ ಗಿಡ ಸಿಗುತ್ತದೆ.

ತಣ್ಣಗಾಗುವುದು ಹೇಗೆ?

ನಿಜವಾಗಿ ಏನೂ ತಣ್ಣಗಾಗುವುದಿಲ್ಲ. ಬಿಸಿ ಪೆಪ್ಪರ್‌ಮಿಂಟ್ ಚಹಾ ಕುಡಿದರೂ ಬಾಯಿ ತಂಪೆನಿಸುತ್ತದೆ, ಗಮನಿಸಿದ್ದೀರಾ?

ನಮ್ಮ ಚರ್ಮ, ನಾಲಿಗೆ, ಮೂಗಿನ ನರಗಳ ತುದಿಯಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಉಷ್ಣತೆ ಸುಮಾರು 26 ಡಿಗ್ರಿಗಿಂತ ಕೆಳಗಿಳಿದಾಗ ಅದು ತೆರೆದುಕೊಂಡು ಮಿದುಳಿಗೆ ‘ಚಳಿ’ ಎಂದು ಸುದ್ದಿ ಕಳಿಸುತ್ತದೆ. ಮೆಂಥಾಲ್ ಇದೇ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತೆರೆಸಿಬಿಡುತ್ತದೆ. ನೆಂಟರು ಬಾರದಿದ್ದರೂ ಯಾವುದೋ ಪೋರ ಕರೆಗಂಟೆ ಒತ್ತಿ ಓಡಿದ ಹಾಗೆ. ಒಳಗಿದ್ದವರು ಎದ್ದು ಬರುತ್ತಾರೆ, ಹೊರಗೆ ಯಾರೂ ಇರುವುದಿಲ್ಲ. ಈ ಪ್ರೋಟೀನ್ ಯಾವುದೆಂದು 2002ರಲ್ಲಿ ಪತ್ತೆಯಾಯಿತು. ಮೆಣಸಿನಕಾಯಿಯ ಖಾರ ಇದಕ್ಕೆ ತದ್ವಿರುದ್ಧವಾಗಿ ಬಿಸಿ ತಿಳಿಯುವ ಇನ್ನೊಂದು ಪ್ರೋಟೀನನ್ನು ಕೆಣಕುತ್ತದೆ. ಬಿಸಿ, ಚಳಿ, ಸ್ಪರ್ಶ ನಮಗೆ ತಿಳಿಯುವ ಬಗೆಯನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು.

ಮೆಂಥಾಲ್ ಇರುವ ಎಣ್ಣೆ ಎಲೆಯ ಒಳಗೆಲ್ಲ ಹರಡಿಕೊಂಡಿಲ್ಲ. ಎಲೆಯ ಮೇಲ್ಮೈಯಲ್ಲಿ, ಅದರಲ್ಲೂ ಕೆಳಮೈಯಲ್ಲಿ, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ತುಂಬಿರುತ್ತದೆ. ಎಲೆ ಉಜ್ಜಿದಾಗ ಅವು ಒಡೆಯುತ್ತವೆ. ಸುಮ್ನೆ ಕಿಟಕಿಯಲ್ಲಿ ಕುಂಡ ಇಟ್ಟರೆ ಸೊಳ್ಳೆ ಬರುವುದಿಲ್ಲ ಎಂಬ ಮಾತನ್ನು ನಂಬುವ ಮೊದಲು ಇದು ನೆನಪಿರಲಿ. ಗುಳ್ಳೆ ಒಡೆಯದೆ ಎಣ್ಣೆ ಹೊರಗೆ ಬರುವುದೇ ಕಮ್ಮಿ.

ನಮ್ಮ ಹವೆ ಇದಕ್ಕೆ ಹೊಂದುತ್ತದಾ?

ಅರ್ಧ ಹೊಂದುತ್ತದೆ. ಪೆಪ್ಪರ್‌ಮಿಂಟ್ ತಂಪು ದೇಶದ ಗಿಡ. ಅಮೆರಿಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಒರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲಿ ಬೇಸಿಗೆಯ ಹಗಲು 15 ಗಂಟೆಗೂ ಜಾಸ್ತಿ. ಹಗಲು ಉದ್ದವಾದಾಗಲೇ ಈ ಗಿಡ ನೆಟ್ಟಗೆ ಮೇಲೆದ್ದು ಹೂ ಬಿಡುತ್ತದೆ. ಉದ್ದ ಹಗಲು, ಒಳ್ಳೆ ಬಿಸಿಲು, ತಂಪು ರಾತ್ರಿ ಮೂರೂ ಕೂಡಿದಾಗ ಎಲೆಯಲ್ಲಿ ಮೆಂಥಾಲ್ ಹೆಚ್ಚುತ್ತದೆ.

ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಅತಿ ಉದ್ದದ ಹಗಲು ಸುಮಾರು 13 ಗಂಟೆ ಮಾತ್ರ. ಅದೂ ಬರುವುದು ಜೂನ್ 21ರ ಆಸುಪಾಸಿನಲ್ಲಿ, ಆಕಾಶ ಪೂರ್ತಿ ಮೋಡ ಮುಚ್ಚಿರುವ ಹೊತ್ತಿನಲ್ಲಿ! ಗಿಡಕ್ಕೆ ಬೇಕಾದ ಉದ್ದ ಹಗಲು ಇಲ್ಲಿ ಕತ್ತಲೆಯ ಜೊತೆಗೇ ಬರುತ್ತದೆ. ಹಾಗಾಗಿ ನಮ್ಮಲ್ಲಿ ಪೆಪ್ಪರ್‌ಮಿಂಟ್ ಹೂ ಬಿಡುವುದು ಅಪರೂಪ. ಮೇಲೇಳುವ ಬದಲು ನೆಲಕ್ಕೆ ತಾಗಿ ಕುಡಿ ಹರಿಸಿಕೊಂಡು ಹೋಗುತ್ತದೆ. ಇದು ರೋಗ ಅಂತ ಗಾಬರಿಯಾಗಬೇಕಿಲ್ಲ. ಚಹಾಕ್ಕೂ ಮಜ್ಜಿಗೆಗೂ ಸಾಲುವಷ್ಟು ಪರಿಮಳ ಇದ್ದೇ ಇರುತ್ತದೆ.

ಸುಮಾರು 600 ಮೀಟರ್ ಎತ್ತರದ ಶಿರಸಿಯವರಿಗೆ ಚಳಿಗಾಲದ ರಾತ್ರಿ ತಂಪು ಸಿಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿಯ ಗಿಡ ಕರಾವಳಿಯದಕ್ಕಿಂತ ಗಟ್ಟಿಯಾಗಿ ಬರಲು ಹೆಚ್ಚು ಅವಕಾಶ. ಆದರೆ ಅಡಿಕೆ ತೋಟದೊಳಗೆ ನೆಟ್ಟರೆ ಆ ಲಾಭ ಹೋಯಿತು. ತೋಟದ ನೆರಳು, ತೇವ ಎರಡೂ ಇದಕ್ಕೆ ಜಾಸ್ತಿ. ಕಾಂಡ ಬಡಕಲಾಗಿ ಉದ್ದಕ್ಕೆ ಎಳೆಯುತ್ತದೆ, ಎಲೆ ಸಪ್ಪೆಯಾಗುತ್ತದೆ. ಅಂಗಳದ ಅಂಚು ವಾಸಿ.

ನೆಡುವ ಹೊತ್ತು: ಜೂನ್ ಬಿಡಿ, ಅಕ್ಟೋಬರ್ ಹಿಡಿಯಿರಿ

ನಮ್ಮ ಕಡೆ ಗಿಡ ನೆಡುವುದೆಂದರೆ ಜೂನ್. ಮಾವು, ಹಲಸು, ದಾಸವಾಳ ಎಲ್ಲಕ್ಕೂ ಅದೇ ಸರಿ. ನರ್ಸರಿ ತುಂಬಿರುವುದೂ ಆಗಲೇ, ನೆಂಟರಿಷ್ಟರು ಕಡ್ಡಿ ಹಂಚುವುದೂ ಆಗಲೇ. ಪೆಪ್ಪರ್‌ಮಿಂಟ್‌ಗೆ ಮಾತ್ರ ಈ ಲೆಕ್ಕ ತಿರುಗುಮುರುಗು. ಬೇರು ಇಳಿಯುವ ಮೊದಲೇ ಕುಂಡದ ಮಣ್ಣು ಕೆಸರಾಗುತ್ತದೆ, ಬಿಸಿಲು ಇಲ್ಲ. ಮಳೆ ಹಿಂದೆ ಸರಿದು ಬಿಸಿಲು ಕಾಣುವ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಫೆಬ್ರುವರಿವರೆಗೆ ಗಿಡಕ್ಕೆ ಒಳ್ಳೆಯ ಕಾಲ.

ನಾಲ್ಕೈದು ಇಂಚಿನ ಆರೋಗ್ಯದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಡಿ. ನೀರು ಎರಡು ದಿನಕ್ಕೊಮ್ಮೆ ಬದಲಿಸಿ. ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಬರುತ್ತದೆ. ನೇರವಾಗಿ ಒದ್ದೆ ಮಣ್ಣಿಗೆ ಚುಚ್ಚಿದರೂ ಹಿಡಿಯುತ್ತದೆ.

ಕುಂಡ ಆಳಕ್ಕಿಂತ ಅಗಲ ಇರಲಿ, ಕುಡಿ ಹರಿಯಲು ಜಾಗ ಬೇಕು. ತಳದ ತೂತು ದೊಡ್ಡದಿರಲಿ. ನಮ್ಮ ಚಿರೆಕಲ್ಲಿನ ಕೆಂಪು ಮಣ್ಣು ಹುಳಿ ಗುಣದ್ದು, ಒಣಗಿದರೆ ಗಟ್ಟಿ. ಅದನ್ನೇ ತುಂಬಿದರೆ ಬೇರಿಗೆ ಕಷ್ಟ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಹೊಳೆಯ ಮರಳು ಸೇರಿಸಿ. ಕಡಲ ದಂಡೆಯ ಮರಳು ಬೇಡ, ಅದರಲ್ಲಿ ಉಪ್ಪಿರುತ್ತದೆ. ಕಡಲ ಪಕ್ಕದ ಕೆಲವು ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಸವುಳಾಗುತ್ತದೆ. ಎಲೆಯ ಅಂಚು ಸುಟ್ಟಂತೆ ಕಂದಾದರೆ ಗೊಬ್ಬರ ಸುರಿಯುವ ಮೊದಲು ನೀರಿನ ರುಚಿ ನೋಡಿ.

ಬಿಸಿಲು ಬೆಳಗಿನದ್ದು ನಾಲ್ಕೈದು ಗಂಟೆ ಸಾಕು. ಮಾರ್ಚ್ ನಂತರ ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡಿ, ಮಣ್ಣಿನ ಮೇಲೆ ದರಕು ಅಥವಾ ತೆಂಗಿನ ನಾರು ಹೊದಿಸಿ. ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಹಳದಿ ಚುಕ್ಕಿ ಬಿದ್ದರೆ ಕೆಳಮೈ ನೋಡಿ. ಕೆಂಪು ನುಸಿ ಇದ್ದರೆ ನೀರಿನ ಪಿಚಕಾರಿ ಹೊಡೆದು ತೊಳೆದರೆ ಬಹಳಷ್ಟು ಹೋಗುತ್ತದೆ.

ಮಳೆಗಾಲ ದಾಟಿಸುವುದು

ನಿಜವಾದ ಪರೀಕ್ಷೆ ಇಲ್ಲಿದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ.

ತಾಯಿಯೇ ನೀರುಪುದೀನ, ಮಗುವಿಗೆ ನೀರೆಂದರೆ ಯಾಕೆ ಭಯ? ಕೇಳಬೇಕಾದ ಪ್ರಶ್ನೆಯೇ. ಹಳ್ಳದ ಅಂಚಿನ ನೀರು ಹರಿಯುತ್ತಿರುತ್ತದೆ, ತಣ್ಣಗಿರುತ್ತದೆ, ಅದರಲ್ಲಿ ಗಾಳಿ ಕರಗಿರುತ್ತದೆ. ಕುಂಡದಲ್ಲಿ ನಿಂತ ನೀರು ಬೆಚ್ಚಗಿರುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಸೋತ ಬೇರಿಗೆ ಮಣ್ಣಿನ ಶಿಲೀಂಧ್ರಗಳು ಅಂಟಿಕೊಳ್ಳುತ್ತವೆ. ಬುಡ ಕಪ್ಪಾಗುವುದು ಇದರಿಂದ. ಆ ಹೊತ್ತಿಗೆ ಎಲೆ ಬಾಡಿದಂತೆ ಕಾಣುವುದರಿಂದ ಕೆಲವರು ಇನ್ನಷ್ಟು ನೀರು ಹಾಕುತ್ತಾರೆ, ಗಿಡದ ಕತೆ ಅಲ್ಲಿಗೆ ಮುಗಿಯುತ್ತದೆ.

ಮೇ ಕೊನೆಯಲ್ಲಿ, ಮೊದಲ ದೊಡ್ಡ ಮಳೆಗೆ ಮುಂಚೆ, ಗಿಡವನ್ನು ನೆಲದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿಬಿಡಿ. ಆಗ ದಟ್ಟ ಸೊಪ್ಪಿನ ನಡುವೆ ತೇವ ನಿಲ್ಲುವುದಿಲ್ಲ. ಕತ್ತರಿಸಿದ ಕಡ್ಡಿಗಳಲ್ಲಿ ಕೆಲವನ್ನು ಬೇರೆ ಸಣ್ಣ ಕುಂಡಗಳಿಗೆ ಚುಚ್ಚಿ, ಒಂದು ಹೋದರೆ ಇನ್ನೊಂದು ಇರಲಿ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನೇ ಪಾಲಿಸಬೇಕು. ಕುಂಡಗಳನ್ನು ಮಳೆ ನೇರ ಬೀಳದ ಜಗಲಿಯ ಅಂಚಿಗೆ ತನ್ನಿ. ಸೋಗೆ ತಟ್ಟಿ ಕಟ್ಟಿದ ಮನೆಯಾದರೆ ತಟ್ಟಿಯ ಒಳಗೆ ಕತ್ತಲು, ಅಲ್ಲಿ ಬೇಡ. ಬೆಳಕು ಬರುವ, ಗಾಳಿಯಾಡುವ ಕಡೆ ಬೇಕು. ಕುಂಡವನ್ನು ಎರಡು ಇಟ್ಟಿಗೆಯ ಮೇಲಿಟ್ಟರೆ ತೂತು ಕಟ್ಟುವುದಿಲ್ಲ, ತಟ್ಟೆಯಂತೂ ಇಡಲೇಬೇಡಿ. ಬೆರಳು ಚುಚ್ಚಿ ಮೇಲ್ಮಣ್ಣು ಒಣಗಿದ್ದು ಖಚಿತವಾದ ಮೇಲಷ್ಟೇ ನೀರು. ಗೊಬ್ಬರ ಹಾಕುವ ಕಾಲವೂ ಇದಲ್ಲ.

ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಗುಳ್ಳೆ ಕಂಡರೆ ಅದು ತುಕ್ಕುರೋಗ. ಆ ಕಾಂಡಗಳನ್ನು ಬುಡಕ್ಕೇ ಕತ್ತರಿಸಿ ದೂರ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ರಾತ್ರಿ ಬಂದು ಎಲೆ ಜಾಲರಿ ಮಾಡಿ ಹೋಗುವುದು ಶಂಖದ ಹುಳು. ಔಷಧಿ ಹೊಡೆದ ಎಲೆಯನ್ನೇ ನಾವು ತಿನ್ನಬೇಕಲ್ಲ, ಹಾಗಾಗಿ ಟಾರ್ಚ್ ಹಿಡಿದು ಆರಿಸುವುದೇ ಸರಿ.

ಅಕ್ಟೋಬರ್‌ನಲ್ಲಿ ಉಳಿದ ಗಿಡವನ್ನು ಬಿಡಿಸಿ, ಗಟ್ಟಿ ಬಿಳಿ ಕುಡಿಗಳನ್ನು ಮಾತ್ರ ಹೊಸ ಮಣ್ಣಿಗೆ ಹಾಕಿ. ಹಳೆಯ ಬುಡ ವರ್ಷದಿಂದ ವರ್ಷಕ್ಕೆ ಮುದಿಯಾಗುತ್ತದೆ.

ಯಾವಾಗ ಕೊಯ್ಯಬೇಕು, ಹೇಗೆ ಒಣಗಿಸಬೇಕು?

ಎಳೆ ಎಲೆಯೇ ಒಳ್ಳೆಯದು ಅಂತ ನಾವು ಸೊಪ್ಪಿನ ವಿಷಯದಲ್ಲಿ ಅಂದುಕೊಳ್ಳುತ್ತೇವೆ. ಪೆಪ್ಪರ್‌ಮಿಂಟ್‌ನಲ್ಲಿ ಬಲಿತ ಎಲೆಗೇ ಬೆಲೆ. ಎಳೆ ಎಲೆಯಲ್ಲಿ ಮೆಂಥೋನ್ ಎಂಬ ವಸ್ತು ಹೆಚ್ಚು, ರುಚಿ ಸ್ವಲ್ಪ ಒರಟು. ಎಲೆ ಬಲಿತಂತೆ ಗಿಡ ಅದನ್ನೇ ಮೆಂಥಾಲ್ ಆಗಿ ಬದಲಿಸುತ್ತದೆ. ಹೊರದೇಶದ ರೈತರು ಹೂ ಬರುವುದನ್ನು ನೋಡಿ ಕೊಯ್ಲಿನ ದಿನ ಗೊತ್ತು ಮಾಡುತ್ತಾರೆ. ನಮ್ಮಲ್ಲಿ ಹೂವೇ ಅಪರೂಪವಾದ್ದರಿಂದ ಕಾಂಡ ಒಂದು ಗೇಣು ದಾಟಿ, ಬುಡದ ಒಂದೆರಡು ಎಲೆ ಹಳದಿಯಾಗುವುದನ್ನೇ ಸೂಚನೆ ಮಾಡಿಕೊಳ್ಳಿ. ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಕೊಯ್ಯಿರಿ. ಬುಡದಲ್ಲಿ ಎರಡು ಗೆಣ್ಣು ಬಿಟ್ಟರೆ ಅಲ್ಲಿಂದ ಮತ್ತೆ ಚಿಗುರುತ್ತದೆ.

ಒಣಗಿಸುವುದು ನೆರಳಲ್ಲಿ. ಬಿಸಿಲಿಗೆ ಹಾಕಿದರೆ ಎಣ್ಣೆ ಹಾರಿ ಬರೀ ಹುಲ್ಲು ಉಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿ ಇದಕ್ಕೆ ತಕ್ಕ ಕಾಲ, ಗಾಳಿ ಒಣಗಿರುತ್ತದೆ. ಎಲೆ ಚಿಟಿಚಿಟಿ ಪುಡಿಯಾಗುವಂತಾದ ಮೇಲೆ ಗಾಳಿಯಾಡದ ಬಾಟಲಿಗೆ ತುಂಬಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಆಸೆ ಆಗಬಹುದು. ಒಣಗುತ್ತದೆ, ಆದರೆ ಹೊಗೆ ಹೀರಿಕೊಂಡ ಚಹಾ ಕುಡಿಯಬೇಕಾಗುತ್ತದೆ.

ಅಡುಗೆಮನೆಯಲ್ಲಿ

ನಾವು ಕಷಾಯ ಮಾಡುವಂತೆ ಇದನ್ನು ಕುದಿಸಬಾರದು. ಕಾರ್ಖಾನೆಯಲ್ಲಿ ಪೆಪ್ಪರ್‌ಮಿಂಟ್ ಎಣ್ಣೆ ತೆಗೆಯುವುದೇ ಸೊಪ್ಪಿಗೆ ಹಬೆ ಹಾಯಿಸಿ. ಹಬೆಯ ಜೊತೆ ಎಣ್ಣೆ ಹೊರಡುತ್ತದೆ, ಅದನ್ನು ತಣಿಸಿ ಹಿಡಿಯುತ್ತಾರೆ. ಪಾತ್ರೆ ತೆರೆದಿಟ್ಟು ಕುದಿಸಿದರೆ ಅದೇ ಕೆಲಸ ನಮ್ಮ ಒಲೆಯ ಮೇಲೂ ನಡೆಯುತ್ತದೆ, ಎಣ್ಣೆ ಮಾತ್ರ ಮಾಡಿಗೆ ಹೋಗುತ್ತದೆ. ಕುದ್ದ ನೀರು ಇಳಿಸಿ, ಒಂದು ಲೋಟಕ್ಕೆ ಎಂಟು ಹತ್ತು ಹಸಿ ಎಲೆ ಅಥವಾ ಒಂದು ಚಮಚ ಒಣ ಎಲೆ ಹಾಕಿ, ಮುಚ್ಚಿ ಐದರಿಂದ ಹತ್ತು ನಿಮಿಷ ಬಿಡಿ. ಮುಚ್ಚಳದ ಒಳಗೆ ನಿಂತ ಹನಿಗಳನ್ನೂ ಲೋಟಕ್ಕೇ ತಟ್ಟಿ.

ಚಟ್ನಿ, ಬಿರಿಯಾನಿಗೆ ಮಾಮೂಲಿ ಪುದೀನವೇ ಸರಿ. ಪೆಪ್ಪರ್‌ಮಿಂಟ್ ಹಾಕಿದರೆ ಊಟದಲ್ಲಿ ಕೆಮ್ಮಿನ ಬಿಲ್ಲೆಯ ನೆನಪು ಬರುತ್ತದೆ. ತಂಬುಳಿಗೂ ಇಡೀ ಮುಷ್ಟಿ ಬೇಡ. ಮಾಮೂಲಿ ಸೊಪ್ಪನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನ ತುರಿ ಹಾಕಿ ರುಬ್ಬುವಾಗ ಕೊನೆಗೆ ಮೂರ್ನಾಲ್ಕು ಹಸಿ ಪೆಪ್ಪರ್‌ಮಿಂಟ್ ಎಲೆ ಸೇರಿಸಿ, ಮಜ್ಜಿಗೆ ಬೆರೆಸಿ. ಇದು ನಿಜಕ್ಕೂ ಹೊಂದುವುದು ತಣ್ಣನೆಯ, ಹುಳಿ-ಸಿಹಿಯ ವಸ್ತುಗಳಿಗೆ. ಮುರುಗಲು ಶರಬತ್ತು, ನಿಂಬೆ ಪಾನಕ, ಆಲೆಮನೆಯ ಕಬ್ಬಿನಹಾಲು. ಕಬ್ಬಿನಹಾಲಿಗೆ ಶುಂಠಿ, ನಿಂಬೆಯ ಜೊತೆ ಎರಡು ಎಲೆ ಜಜ್ಜಿ ಹಾಕಿ ನೋಡಿ.

ಎಲೆ ಬೇರೆ, ಎಣ್ಣೆ ಬೇರೆ

ಹೊಟ್ಟೆ ಉಬ್ಬರಕ್ಕೆ ಪೆಪ್ಪರ್‌ಮಿಂಟ್ ಒಳ್ಳೆಯದು ಎಂಬುದಕ್ಕೆ ಆಧಾರ ಇದೆ. ಮೆಂಥಾಲ್ ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತದೆ. ಐಬಿಎಸ್ ಎಂಬ ಕರುಳಿನ ತೊಂದರೆಗೆ ಪೆಪ್ಪರ್‌ಮಿಂಟ್ ಬಳಸಬಹುದೆಂದು ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಐಬಿಎಸ್ ಮೇಲಿನ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಎಣ್ಣೆ ತುಂಬಿದ ಕ್ಯಾಪ್ಸೂಲ್‌ಗಳ ಮೇಲೆ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಒಡೆಯುವಂತೆ ಅವಕ್ಕೆ ಲೇಪ ಇರುತ್ತದೆ. ನಮ್ಮ ಲೋಟದ ಚಹಾಕ್ಕೆ ಅದೇ ಫಲ ಸಿಗುತ್ತದೆ ಎಂದು ಹೇಳಲಾಗದು.

ಎದೆಯುರಿ, ಹುಳಿತೇಗು ಇರುವವರಿಗೆ ಇದು ಉಲ್ಟಾ ಹೊಡೆಯಬಹುದು. ಅನ್ನನಾಳ ಮತ್ತು ಜಠರದ ನಡುವೆ ಬಿಗಿಯಾಗಿ ಮುಚ್ಚಿಕೊಂಡಿರಬೇಕಾದ ಸ್ನಾಯುವನ್ನೂ ಮೆಂಥಾಲ್ ಸಡಿಲಿಸುತ್ತದೆ, ಆಮ್ಲ ಮೇಲೆ ಬರುತ್ತದೆ. ಪಿತ್ತಕೋಶದಲ್ಲಿ ಕಲ್ಲಿರುವವರು, ದಿನವೂ ಮಾತ್ರೆ ನುಂಗುವವರು, ಬಸುರಿಯರು ಎಣ್ಣೆ ಅಥವಾ ಕ್ಯಾಪ್ಸೂಲ್ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ದೊಡ್ಡವರಿಗೆ ದಿನಕ್ಕೆ ಒಂದೆರಡು ಲೋಟ ಎಲೆಯ ಚಹಾ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ.

ಬಾಟಲಿಯ ಎಣ್ಣೆ ಮಾತ್ರ ಬಹಳ ಗಾಢ. ನೇರವಾಗಿ ಕುಡಿಯುವಂಥದ್ದಲ್ಲ, ಚರ್ಮಕ್ಕೂ ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ತೆಳು ಮಾಡದೆ ಹಚ್ಚಬಾರದು. ಶೀತವಾದ ಹಸುಗೂಸಿನ ಮೂಗಿನ ಬಳಿ, ಮುಖಕ್ಕೆ, ಎದೆಗೆ ಇದನ್ನು ಅಥವಾ ಮೆಂಥಾಲ್ ಇರುವ ಮುಲಾಮನ್ನು ಹಚ್ಚಲೇಬೇಡಿ. ಎಳೆ ಮಕ್ಕಳಲ್ಲಿ ಮೆಂಥಾಲ್‌ನ ಘಾಟಿಗೆ ಗಂಟಲು ಬಿಗಿದು ಉಸಿರು ಕಟ್ಟುವ ಅಪಾಯ ಇದೆ. ಹಾಗೇನಾದರೂ ಆದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.